ಹೊನ್ನಾಜಿ ಸಾಯುವ ದೃಶ್ಯ

ನಾನು ಬರೆದ ನಾಟಕದ ಕೊನೆಯ ಪುಟದಲ್ಲಿ ಹೊನ್ನಾಜಿ ಸಾಯುತ್ತಾಳೆ. ಆ ಪುಟ ಬರೆದ ದಿನ ನನ್ನ ಡೈರಿಯಲ್ಲಿ 'ಹೊನ್ನಾಜಿ ಹೋದಳು. ಊಟ ಸೇರಲಿಲ್ಲ' ಎಂದಿದೆ. ಎರಡನೆಯ ವಾಕ್ಯ ಸುಳ್ಳು. ಅಮ್ಮ ಅವತ್ತು ಒತ್ತು ಶ್ಯಾವಿಗೆ ಮಾಡಿದ್ದಳು. ಕಾಯಿಹಾಲಿನ ಜೊತೆ ಎರಡು ಸಲ ಹಾಕಿಸಿಕೊಂಡಿದ್ದೆ. ಆದರೆ ಅತ್ತದ್ದು ನಿಜ.

ಹಾಸನದಲ್ಲಿ ಕನ್ನಡ ಎಂ.ಎ. ಮುಗಿಸಿ ಕಣಕಟ್ಟೆಗೆ ವಾಪಸಾಗಿ ಒಂದು ವರ್ಷವಾಗಿತ್ತು. ಬಸ್ಸಿನಲ್ಲಿ ನಮ್ಮ ಸ್ಟಾಪ್ ಬಂದರೂ 'ಇಳಿಯೋದಿದೆ' ಎನ್ನಲು ಬಾಯಿ ಬರದೆ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವ ಪೈಕಿ ನಾನು. ಆಡದೆ ಉಳಿದ ಮಾತೆಲ್ಲ ಡೈರಿಗೆ ಹೋಗುತ್ತಿತ್ತು. ಡೈರಿಯಲ್ಲೂ ಹಿಡಿಸದಷ್ಟಾದಾಗ ನಾಟಕವಾಯಿತು.

ಅದನ್ನು ಹೊರಗೆ ಎಳೆದದ್ದು ಉಷಾರಾಣಿ ಚಿಕ್ಕಮ್ಮ. ಚಿಕ್ಕಮ್ಮ ರಾಗಿ ಮಿಲ್ಲು ನಡೆಸುತ್ತಾಳೆ. ನಮ್ಮೂರ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯೂ ಹೌದು. ಒಂದು ದಿನ ಪೆನ್ನು ಹುಡುಕುತ್ತ ನನ್ನ ಮೇಜಿಗೆ ಕೈ ಹಾಕಿದವಳು ನೋಟ್‌ಬುಕ್ ಎಳೆದು, ನಿಂತಲ್ಲೇ ನಾಲ್ಕು ಪುಟ ಓದಿದಳು.

"ಅಲ್ಲ ಕಣೆ ಪ್ರತಿಮಾ, ಸಾರಿಗೆ ಉಪ್ಪು ಬೇಕಾ ಅಂದ್ರೆ ಬರೀ ತಲೆ ಆಡಿಸ್ತೀಯ. ಇಲ್ಲಿ ನೋಡಿದ್ರೆ ಕುದುರೆ ಕಾಲು ಕಡಿಸಿದೀಯ!"

ಜನವರಿಯ ಕೊನೆಯ ಭಾನುವಾರ ತಾಲ್ಲೂಕಿನ ಸಂಘಗಳೆಲ್ಲ ನಮ್ಮೂರಲ್ಲಿ ಸೇರುವುದಿತ್ತು. ಪ್ರತಿ ವರ್ಷ ಕೋಲಾಟ, ರಂಗೋಲಿ. ಈ ವರ್ಷ ನಾಟಕ ಎಂದು ಚಿಕ್ಕಮ್ಮ ಆ ಮೇಜಿನ ಹತ್ತಿರವೇ ತೀರ್ಮಾನಿಸಿದಳು. ನಾನು 'ಬೇಡ' ಎನ್ನಲು ಸರಿಯಾದ ಮಾತು ಹುಡುಕುವಷ್ಟರಲ್ಲಿ ನೋಟ್‌ಬುಕ್ ಜೆರಾಕ್ಸಿಗೆ ಹೋಗಿತ್ತು.

ಕತೆ ಇಷ್ಟು. ಬಾಣಗಿರಿ ಎಂಬ ಕೋಟೆ. ಎಲ್ಲೂ ಇಲ್ಲದ ಊರು, ನಾನೇ ಕಟ್ಟಿದ್ದು. ಪಾಳೇಗಾರನೂ ಊರ ಗಂಡಸರೂ ದೂರದ ಯುದ್ಧಕ್ಕೆ ಹೋಗಿದ್ದಾರೆ. ಆ ಹೊತ್ತು ನೋಡಿ ಶತ್ರು ಬರುತ್ತಾನೆ. ಕೋಟೆ ಬಾಗಿಲು ಕಾಯುವ ಹೊನ್ನಾಜಿ ಹೆಂಗಸರನ್ನು ಕಟ್ಟಿಕೊಂಡು ಒಂಬತ್ತು ದಿನ ಕಾದಾಡುತ್ತಾಳೆ. ಒಳಗೆ ರಾಣಿ ಚಂಪಕಾಂಬೆ ಗಂಡನ ದಾರಿ ನೋಡುತ್ತ ಕೂತಿರುತ್ತಾಳೆ. ಒಂಬತ್ತನೆಯ ದಿನ ಶತ್ರು ಓಡುತ್ತಾನೆ. ಓಡುತ್ತ ಬಿಟ್ಟ ಬಾಣ ಹೊನ್ನಾಜಿಗೆ ನಾಟುತ್ತದೆ. ಅವಳು ಒಂದು ಹಾಡು ಹಾಡಿ ಸಾಯುತ್ತಾಳೆ. ರಾಣಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಪುಟ ಅಳುತ್ತಾಳೆ. ಪರದೆ.

ಪಾತ್ರ ಹಂಚಿದ್ದು ಮಿಲ್ಲಿನಲ್ಲಿ, ಕರೆಂಟಿಲ್ಲದ ಒಂದು ಮಧ್ಯಾಹ್ನ. ಹದಿನಾಲ್ಕು ಜನ ಹೆಂಗಸರು, ರೆಪ್ಪೆ ಮೇಲೆಲ್ಲ ಹಿಟ್ಟು. ಹೊನ್ನಾಜಿ ಯಾರೆಂಬುದರಲ್ಲಿ ಚರ್ಚೆಯೇ ನಡೆಯಲಿಲ್ಲ. ನಮ್ಮ ಪಕ್ಕದ ಮನೆಯ ಶಾಂತಾದೇವಿ ಅಕ್ಕ ತೋಟದ ಆ ತುದಿಯಲ್ಲಿ ನಿಂತು ಕರೆದರೆ ಈ ತುದಿಯಲ್ಲಿ ನಾಯಿ ಎದ್ದು ಕೂರುತ್ತದೆ. ಉಳಿದವರೆಲ್ಲ ಕತ್ತಿ ಕೇಳಿದರು. ಶತ್ರುವಿನ ಸೇನಾಪತಿಗೂ ಪೈಪೋಟಿ. ರಾಣಿಗೆ ಮಾತ್ರ ಯಾರೂ ಇಲ್ಲ.

"ರಾಣಿ ಏನ್ ಮಾಡ್ತಾಳೆ?" ಎಂದು ಶಾಂತಕ್ಕ ಕೇಳಿದರು.

"ಕಾಯ್ತಾಳೆ. ಆಮೇಲೆ... ಅಳ್ತಾಳೆ," ಎಂದೆ.

"ಕಾಯೋದು ಅಳೋದು ಮನೇಲೇ ಐತಲ್ಲೇ. ಅದುಕ್ಕೆ ಮೇಕಪ್ ಬೇರೆ ಯಾಕೆ?"

ಎಲ್ಲರೂ ನಕ್ಕರು. ನನ್ನ ಮೂರು ಪುಟ ಅಲ್ಲೇ ಗಾಳಿಗೆ ಹೋಗುತ್ತವೆ ಎನ್ನಿಸಿತು. ಆಗ ಬಾಗಿಲಲ್ಲಿ ರಾಗಿ ಚೀಲ ಇಳಿಸಿಕೊಂಡು ಕೂತಿದ್ದ ಜವರಪ್ಪ ತಾತ, "ನಾನಾಗ್ತೀನಿ ಕಣ್ರವ್ವ," ಎಂದರು.

ಜವರಪ್ಪ ತಾತ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್. ಎಪ್ಪತ್ತರ ಹತ್ತಿರ. ಹಿಂದೆ ಊರಿನ ನಾಟಕಗಳಲ್ಲಿ ಹೆಣ್ಣು ಪಾತ್ರಗಳೆಲ್ಲ ಅವರದ್ದೇ. ಆಮೇಲೆ ಪೇಟೆಯಿಂದ ಕಾರಿನಲ್ಲಿ ನಟಿಯರನ್ನು ಕರೆಸುವ ಪದ್ಧತಿ ಬಂತು. ತಾತನನ್ನು ಯಾರೂ ಕರೆಯಲಿಲ್ಲ.

"ಇಪ್ಪತ್ತೆರಡು ವರ್ಷ ಆಯ್ತು ಸೀರೆ ಉಟ್ಟು," ಎಂದರು.

ಮಿಲ್ಲಿನೊಳಗೆ ನಗು ಹಾರಿತು. ತಾತ ಬೇಜಾರು ಮಾಡಿಕೊಳ್ಳಲಿಲ್ಲ. ಹೆಗಲ ಮೇಲಿನ ಟವಲನ್ನು ಸೆರಗಿನಂತೆ ಹಾಕಿಕೊಂಡು, ಹಿಟ್ಟಿನ ನೆಲದ ಮೇಲೆ ಬಾಗಿಲಿಂದ ಬೀಸುವ ಯಂತ್ರದ ತನಕ ಆರು ಹೆಜ್ಜೆ ನಡೆದರು. ತಿರುಗಿ ನಿಂತು, ಬರದೇ ಇರುವ ಯಾರನ್ನೋ ನೋಡುವಂತೆ ಬಾಗಿಲ ಕಡೆ ನೋಡಿದರು. ನಗು ನಿಂತಿತು. ಶಾಂತಕ್ಕ ತಾವೇ ಎದ್ದು ಬಾಗಿಲಾಚೆ ಇಣುಕಿ, ಯಾರಾದರೂ ಬರುತ್ತಿದ್ದಾರಾ ಎಂದು ನೋಡಿ ಬಂದರು.

ರಾಣಿ ಸಿಕ್ಕಿದಳು.

ಅರಸೀಕೆರೆಯಿಂದ ನಂಜುಂಡಯ್ಯ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದರು. ನನ್ನ ಪ್ರತಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ 'ಒನ್ಸ್ ಮೋರ್ ಇಲ್ಲ' ಎಂದು ಬರೆದಿದ್ದನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡರು.

ನಮ್ಮ ಕಡೆ ನಾಟಕದಲ್ಲಿ ಹಾಡು ಚೆನ್ನಾಗಿದ್ದರೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಹಾಡಿದವರು ಮತ್ತೆ ಹಾಡಬೇಕು. ಸತ್ತವರಾಗಿದ್ದರೆ ಎದ್ದು, ಹಾಡಿ, ಮತ್ತೆ ಸಾಯಬೇಕು. ಚಿಕ್ಕಂದಿನಲ್ಲಿ ನಾನು ನೋಡಿದ ನಾಟಕವೊಂದರಲ್ಲಿ ಒಬ್ಬ ರಾಜಕುಮಾರ ನಾಲ್ಕು ಸಲ ಸತ್ತಿದ್ದ. ನಾಲ್ಕನೆಯ ಸಲಕ್ಕೆ ಅವನ ತಾಯಿಯ ಪಾತ್ರದವರಿಗೆ ಆಕಳಿಕೆ ಬಂದಿತ್ತು. ನನ್ನ ಹೊನ್ನಾಜಿಗೆ ಆ ಗತಿ ಬರಕೂಡದು.

"ಇದು ನಿನ್ ಕೈಲೂ ಇಲ್ಲ, ನನ್ ಕೈಲೂ ಇಲ್ಲ ಕಣಮ್ಮ," ಎಂದರು ಮೇಷ್ಟ್ರು. "ಜನ ಕೂಗಿದ್ರೆ ನನ್ ಬೆರಳು ತಾನಾಗೇ ವಾಪಸ್ ಹೋಗ್ತವೆ. ನಲವತ್ತು ವರ್ಷದ ಅಭ್ಯಾಸ."

ಜಗಳ ಶುರುವಾದದ್ದು ನಾಲ್ಕನೆಯ ದಿನ, ಕೊನೆಯ ದೃಶ್ಯಕ್ಕೆ ಬಂದಾಗ. ಶಾಂತಕ್ಕ ಕತ್ತಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಯಾಕೆ ಸಾಯ್ಬೇಕು ನಾನು?"

"ಬಾಣ ತಗುಲುತ್ತೆ ಶಾಂತಕ್ಕ."

"ಒಂಬತ್ತು ದಿನ ಕೋಟೆ ಕಾದೋಳಿಗೆ ಒಂದು ಬಾಣ ಬರೋದು ಕಾಣಕಿಲ್ವಾ? ಬಗ್ಗಿದ್ರೆ ಆಯ್ತಪ್ಪ."

"ಹಂಗಲ್ಲ. ಅವಳು ಸತ್ರೇನೇ ಜನಕ್ಕೆ ಮನಸ್ಸಿಗೆ ತಾಕೋದು. ಯುದ್ಧದ ಕತೇಲಿ ಹಂಗೇ."

"ಯಾರು ಮಾಡಿದ್ದು ಆ ರೂಲ್ಸು?"

ಪುಸ್ತಕ ಮಡಿಚಿದೆ. ಮಾಮೂಲಿಯಾಗಿದ್ದರೆ 'ಸರಿ ಬಿಡಿ' ಎಂದು ಎದ್ದು ಹೋಗುತ್ತಿದ್ದೆ. ಆದರೆ ನನ್ನದು ಅಂತ ಈ ಲೋಕದಲ್ಲಿ ಇದ್ದದ್ದು ಆ ಒಂದು ಸಾವು. ನಾಟಕದ ಉಳಿದ ಪುಟಗಳೆಲ್ಲ ಆ ಪುಟಕ್ಕಾಗಿ ಬರೆದವು. ಅದನ್ನೂ ಬಿಟ್ಟುಕೊಟ್ಟರೆ ನಾನು ಬರೆದೆ ಎನ್ನಲು ಏನು ಉಳಿಯುತ್ತದೆ?

"ಸಾಯಬೇಕು," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಚಿಕ್ಕಮ್ಮ ಪಂಚಾಯಿತಿ ಮಾಡಿದಳು. "ಬರೆದೋಳು ಹೇಳ್ದಂಗೆ ನಡೀಬೇಕು. ನಾಟಕದ ದಿನದೊಳಗೆ ಅವಳೇ ಮನಸ್ಸು ಬದಲಾಯಿಸಿದ್ರೆ ಸರಿ. ಇಲ್ದಿದ್ರೆ ಶಾಂತಾ, ನೀನು ಬಾಯಿ ಮುಚ್ಕೊಂಡು ಸಾಯಿ."

"ಬಾಯಿ ಮುಚ್ಕೊಂಡು ಹಾಡೋದೆಂಗೆ?" ಎಂದರು ಶಾಂತಕ್ಕ.

ಅಲ್ಲಿಂದ ಒಂದೂವರೆ ತಿಂಗಳು ಪ್ರಾಕ್ಟೀಸು. ಮಧ್ಯಾಹ್ನ ಎರಡರಿಂದ ನಾಲ್ಕೂವರೆ, ಆಮೇಲೆ ಹಾಲಿನ ಡೈರಿಗೆ ಹೋಗುವ ಹೊತ್ತು. ಶಾಂತಕ್ಕ ಮನೆಯಲ್ಲಿಲ್ಲದ ಆ ಹೊತ್ತಿನಲ್ಲಿ ಅವರ ಯಜಮಾನರು ಸಿದ್ದಬಸಪ್ಪನವರು ಒಲೆಯ ಮುಂದೆ ನಿಂತರು. ಮೂವತ್ತು ವರ್ಷದಲ್ಲಿ ಮೊದಲ ಸಲ. ತೆಂಗಿನಕಾಯಿಯನ್ನು ಮುಟ್ಟಿ ನೋಡಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ. ಅಕ್ಕಿ ಬೆಂದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೊದಲ ವಾರ ಮಿಲ್ಲಿಗೆ ಪಾತ್ರೆ ಹೊತ್ತು ತಂದು, "ಚಿತ್ರಾನ್ನ ತಳ ಹತ್ತೈತೆ, ಮೇಲ್ಮೇಲಿಂದ ತಿನ್ನಿ," ಎಂದು ಬಾಗಿಲಲ್ಲೇ ಇಟ್ಟು ಓಡುತ್ತಿದ್ದರು. ಎರಡನೆಯ ವಾರ ತಳ ಹತ್ತಲಿಲ್ಲ. ಮೂರನೆಯ ವಾರ, "ಇವತ್ತು ಮುದ್ದೆಗೆ ಕೈ ಹಾಕಿದ್ದೆ. ಗಂಟು ಗಂಟು. ನಾಯಿಗೆ ಹಾಕ್ದೆ. ಅದೂ ಯೋಚ್ನೆ ಮಾಡ್ತು," ಎಂದರು.

ಬಾಗಿಲಲ್ಲಿ ಅವರಿಗೆ ಪ್ರತಿದಿನ ತಪಾಸಣೆ. ನಾಟಕದ ಮೊದಲ ದೃಶ್ಯದಲ್ಲಿ ಕೋಟೆಗೆ ಬಂದವರನ್ನೆಲ್ಲ ಹೊನ್ನಾಜಿ ತಡೆದು, "ನಿಲ್ಲಿ! ಹೆಸರು? ಕೆಲಸ?" ಎಂದು ಕೇಳುತ್ತಾಳೆ. ಶಾಂತಕ್ಕನಿಗೆ ಆ ಮಾತು ಬಾಯಿಗೆ ಹತ್ತಿಬಿಟ್ಟಿತು. ರಾಗಿ ಬೀಸಿಸಲು ಬಂದವರಿಗೂ ಅದೇ, ಗಂಡನಿಗೂ ಅದೇ.

"ನಿಲ್ಲಿ! ಹೆಸರು? ಕೆಲಸ?"

"ಏ, ಬುಡೇ ಅತ್ಲಾಗೆ, ಕೈ ಸುಡ್ತಾ ಐತೆ!" ಎನ್ನುತ್ತ ಸಿದ್ದಬಸಪ್ಪನವರು ನುಗ್ಗುತ್ತಿದ್ದರು.

ಆಮೇಲಾಮೇಲೆ ಅವರು ಒಳಗೇ ಕೂತು ನೋಡತೊಡಗಿದರು. ಆದರೆ ಕೊನೆಯ ದೃಶ್ಯ ಬರುತ್ತಿದ್ದ ಹಾಗೆ ಪಾತ್ರೆ ಎತ್ತಿಕೊಂಡು ಎದ್ದುಬಿಡುವರು. "ಅದೊಂದು ನಾ ನೋಡಕಿಲ್ಲ," ಎನ್ನುವರು.

ಹೆಂಗಸರ ಕತ್ತಿವರಸೆಯಲ್ಲಿ ಒಂದು ತೊಂದರೆಯಿತ್ತು. ಕತ್ತಿ ಕೈಗೆ ಬಂದ ಕೂಡಲೇ ಎಲ್ಲರೂ ಗಂಡಸರಾಗಿಬಿಡುತ್ತಿದ್ದರು. ಎದೆ ಉಬ್ಬಿಸುವುದು, ಇಲ್ಲದ ಮೀಸೆ ತಿರುವುವುದು, ತೊಡೆ ತಟ್ಟುವುದು, 'ಎಲವೋ' ಎಂದು ಗಂಟಲು ಹರಿದುಕೊಳ್ಳುವುದು. ಅರಸೀಕೆರೆಯ ಡ್ರೆಸ್ಸಿನ ಅಂಗಡಿಯವರು ಸೈನಿಕರ ಉಡುಪಿನ ಜೊತೆ ಹನ್ನೆರಡು ಮೀಸೆಗಳನ್ನೂ ಕಳಿಸಿದ್ದರು. ಹೆಂಗಸರ ಸೈನ್ಯ ಎಂದು ಫೋನು ಮಾಡಿ ಹೇಳಿದರೆ, "ಅದು ಸೆಟ್ಟು ಕಣಮ್ಮ, ಬಿಡಿಸಿ ಕೊಡಕ್ಕಾಗಲ್ಲ," ಎಂದರಂತೆ. ಶಾಂತಕ್ಕ ಒಂದನ್ನು ಅಂಟಿಸಿಕೊಂಡು ಇಡೀ ಮಧ್ಯಾಹ್ನ ತೆಗೆಯಲೇ ಇಲ್ಲ.

ಅದನ್ನು ನೋಡಿ ಜವರಪ್ಪ ತಾತ, "ಪ್ರತಿಮವ್ವ, ಇವ್ರುನ್ನೆಲ್ಲ ಒಂದ್ಸಲ ಬೇಲೂರಿಗೆ ಕರ್ಕಂಡೋಗಾನ," ಎಂದರು.

ಹೋದೆವು. ಬೆಳಗಿನ ಬಸ್ಸು, ಅರಸೀಕೆರೆಯಲ್ಲಿ ಬದಲಿಸಿ ಮೊದಲು ಹಳೇಬೀಡು. ಅಲ್ಲೇ ಹತ್ತಿರದ ಬಸ್ತಿಹಳ್ಳಿಯ ಸಂಘದ ಶೀಲಾವತಿಯವರು ಚಿಕ್ಕಮ್ಮನಿಗೆ ಪರಿಚಯ. ಅವರ ಮನೆಯಲ್ಲಿ ಬಿಸಿ ಇಡ್ಲಿ ತಿಂದು ದೇವಸ್ಥಾನದ ಹೊರಗೋಡೆ ಸುತ್ತಿದೆವು. ಆನೆಯ ಸಾಲು, ಕುದುರೆಯ ಸಾಲು, ಮೇಲೆ ಯುದ್ಧ. ರಥಗಳು, ಬಿಲ್ಲುಗಳು, ಒಬ್ಬರ ಮೇಲೊಬ್ಬರು ಬಿದ್ದವರು. ನಾನು ವಿವರಿಸಬೇಕೆಂದು ಚಿಕ್ಕಮ್ಮನ ಆಜ್ಞೆಯಾಗಿತ್ತು. ನಾನು ಗೋಡೆಗೆ ಮುಖ ಮಾಡಿ ಗೋಡೆಗೇ ಹೇಳುತ್ತಿದ್ದೆ.

ಶಾಂತಕ್ಕ ಆ ಸಾಲನ್ನು ಬೆರಳಲ್ಲಿ ಹಿಂಬಾಲಿಸುತ್ತ ಬಹಳ ದೂರ ನಡೆದರು. ಮೂಲೆ ತಿರುಗಿ ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಬಂದರು.

"ಅಲ್ಲ ಪ್ರತಿಮಾ, ಹೋಗೋರು ಇಷ್ಟುದ್ದ ಅವ್ರೆ. ವಾಪಸ್ ಬರೋದು ಎಲ್ಲಿ ಕೆತ್ತವ್ರೆ?"

"ಆ ಕಡೆ ಗೋಡೇಲಿ ಇರ್ಬೋದು ಶಾಂತಕ್ಕ."

"ಆ ಕಡೆನೂ ನೋಡ್ದೆ. ಹೊಡೆದಾಟನೇ. ಮುಗಿಸಿ ಮನೆಗೆ ಬಂದು ನೀರು ಕುಡಿದೋರು ಒಬ್ಬರೂ ಕಾಣಿಸ್ಲಿಲ್ಲ."

ಮತ್ತೆ ಇಬ್ಬರೂ ಸುತ್ತಿದೆವು. ನಮಗಂತೂ ಸಿಕ್ಕಲಿಲ್ಲ. ಶೀಲಾವತಿಯವರು, "ಅದನ್ನ ಕೆತ್ತಕ್ಕೆ ಜಾಗ ಉಳೀಲಿಲ್ವೇನೋ," ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಡೈರಿಯಲ್ಲಿ ಒಂದು ಪುಟ ತಿಂದಿದೆ.

ಬೇಲೂರಿನಲ್ಲಿ ತಾತ ಎಲ್ಲರನ್ನೂ ನಿಲ್ಲಿಸಿ ಮೇಲೆ ನೋಡಿ ಎಂದರು. ಬಿಲ್ಲು ಹಿಡಿದ ಬೇಟೆಗಾತಿಯ ಶಿಲ್ಪ.

"ಮುಖ ನೋಡ್ರವ್ವ. ಗುರಿ ಇಟ್ಟವ್ಳೆ. ಹಲ್ಲು ಕಡೀತಾ ಅವ್ಳಾ? ಎದೆ ತಟ್ಕಂತಾ ಅವ್ಳಾ? ಇಲ್ಲ. ಸೊಂಟದ ಮೇಲೆ ಭಾರ ಹಾಕಿ, ಒಂದು ಕಾಲು ಸಡಿಲ ಬಿಟ್ಟು ನಿಂತವ್ಳೆ. ನೀರಿನ ಕೊಡ ಎತ್ತೋವಾಗ ನೀವು ನಿಲ್ಲೋದೂ ಹಿಂಗೇಯ. ನಾನು ಮೂವತ್ತು ವರ್ಷ ನಿಮ್ಮುನ್ನ ನೋಡಿ ನೋಡಿ ಕಲ್ತೆ. ನೀವು ಯಾರುನ್ನೋ ನೋಡಿ ಗಂಡಸರಾಗಕ್ಕೆ ಹೋಗ್ತಿದೀರ. ಏನೂ ಆಗಬ್ಯಾಡಿ. ಮಚ್ಚು ಹಿಡಿಯೋ ಹಂಗೆ ಕತ್ತಿ ಹಿಡೀರಿ, ಸಾಕು."

ಶಾಂತಕ್ಕ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಲೇ ಇದ್ದರು. ಮರುದಿನ ಪ್ರಾಕ್ಟೀಸಿಗೆ ಬರುವಾಗ ಮೀಸೆ ಇರಲಿಲ್ಲ. ಕತ್ತಿಯನ್ನು, ಎಳನೀರು ಕೆತ್ತಲು ಹೊರಟವರ ಹಾಗೆ, ಯೋಚನೆಯೇ ಇಲ್ಲದೆ ಕೈಯಲ್ಲಿ ಹಿಡಿದಿದ್ದರು. ಶತ್ರುವಿನ ಸೇನಾಪತಿ ಎದುರು ಬಂದು 'ಎಲವೋ' ಎಂದಳು. ಶಾಂತಕ್ಕ ಸುಮ್ಮನೆ ಅವಳನ್ನು ನೋಡಿದರು. ಸೇನಾಪತಿ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದಳು.

ಸಾಯುವ ವಿಷಯದಲ್ಲಿ ಮಾತ್ರ ನಾನು ಹಿಂದೆ ಸರಿಯಲಿಲ್ಲ. ನಾಟಕದ ಹಿಂದಿನ ದಿನ ಶಾಂತಕ್ಕ ಕೊನೆಯ ಸಲ ಕೇಳಿದರು. "ಏನೇ, ಸಾಯ್ಸೇ ಬಿಡ್ತೀಯಾ?" ನಾನು ತಲೆಯಾಡಿಸಿದೆ. "ಹೋಗ್ಲಿ ಬಿಡು. ಸಣ್ ಹುಡ್ಗಿ, ಆಸೆ ಪಟ್ಟಿದೀಯ," ಎಂದು ನನ್ನ ಕೆನ್ನೆ ತಟ್ಟಿ ಹೋದರು.

ಭಾನುವಾರ ಸ್ಕೂಲ್ ಮೈದಾನದ ರಂಗಮಂದಿರದ ಮುಂದೆ ಶಾಮಿಯಾನ. ಎರಡೂವರೆಗೆ ಪರದೆ ಎದ್ದಿತು. ಐದೂವರೆಗೆ ಹಾಲು ಹಾಕಬೇಕಲ್ಲ. ತಾಲ್ಲೂಕಿನ ಸಂಘಗಳ ಹೆಂಗಸರು, ನಮ್ಮೂರ ಗಂಡಸರು, ಬಸ್ತಿಹಳ್ಳಿಯಿಂದ ಶೀಲಾವತಿಯವರು. ನನ್ನ ಜಾಗ ಸೈಡ್ ವಿಂಗಿನ ಮರೆಯಲ್ಲಿ ಒಂದು ಸ್ಟೂಲು. ಪುಸ್ತಕ ಹಿಡಿದು, ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ. ಯಾರಿಗೂ ಕಾಣದೆ, ಎಲ್ಲರ ಮಾತನ್ನೂ ಪಿಸುಗುಡುವ ಕೆಲಸ. ನನಗೆಂದೇ ಹುಟ್ಟಿದಂತಿತ್ತು.

ಎಲ್ಲ ಚೆನ್ನಾಗಿ ಹೋಯಿತು. ತಾತ ಹಸಿರು ರೇಷ್ಮೆ ಸೀರೆಯಲ್ಲಿ ಹೆಜ್ಜೆಯಿಟ್ಟಾಗ ಕೆಲವು ಪಡ್ಡೆಗಳು ಸಿಳ್ಳೆ ಹಾಕಿದರು. ತಾತ ನಿಧಾನವಾಗಿ ತಿರುಗಿ, ರಾಣಿ ದಾಸಿಯನ್ನು ನೋಡುವಂತೆ ಅವರನ್ನು ನೋಡಿದರು. ಸಿಳ್ಳೆ ಹಾಕಿದವರೇ ಸರಿಯಾಗಿ ಕೂತರು. ಹೆಂಗಸರ ಸೈನ್ಯ ಬಂದಾಗ ಯಾರೂ ಎದೆ ತಟ್ಟಲಿಲ್ಲ, ತೊಡೆ ತಟ್ಟಲಿಲ್ಲ. ಕೆಲಸವಿರುವ ಜನ ಕೆಲಸ ಮಾಡುವ ಹಾಗೆ ಯುದ್ಧ ಮಾಡಿದರು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕುರ್ಚಿ ಮೇಲೆ ಹತ್ತಿ ನಿಂತಿದ್ದು ನನಗೆ ಕಾಣುತ್ತಿತ್ತು.

ಕೊನೆಯ ದೃಶ್ಯ. ಬಾಣ ಬಂತು. ಶಾಂತಕ್ಕ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ಮಂಡಿ ಊರಿ ನನ್ನ ಹಾಡು ಎತ್ತಿದರು:

ಬಾಗಿಲು ಮುಚ್ಚಿದ ಕೈ ಸೋತಿತು ತಾಯೆ,
ತೆರೆಯುವರಾರೋ ನಾಳೆಗೆ...

ಹಾಡು ಮುಗಿಯಿತು. ಬಿದ್ದರು. ಯಾರೋ ಮೂಗು ಸೇದಿಕೊಂಡದ್ದು ಕೇಳಿತು. ನನ್ನ ಪುಟ, ನಾನು ಒಬ್ಬಳೇ ಕೂತು ಅತ್ತ ಪುಟ, ಈಗ ನಾಲ್ಕುನೂರು ಜನರದ್ದಾಗಿತ್ತು. ರಾಣಿ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಯ್ಯೋ ಹೊನ್ನಾಜಿ..." ಎಂದು ಶುರುಮಾಡಿದಳು.

"ಒನ್ಸ್ ಮೋರ್!"

ಮುಂದಿನ ಸಾಲಿನಲ್ಲಿ ಸಿದ್ದಬಸಪ್ಪನವರು ಎದ್ದು ನಿಂತಿದ್ದರು. ಪ್ರಾಕ್ಟೀಸಿನಲ್ಲಿ ಒಂದು ದಿನವೂ ಈ ದೃಶ್ಯಕ್ಕೆ ನಿಲ್ಲದ ಮನುಷ್ಯ. ಕೂಗಿದ ರಭಸಕ್ಕೆ ಟವಲು ಕೆಳಗೆ ಬಿದ್ದಿತ್ತು. ಅವರ ಹಿಂದೆ ಇಡೀ ಶಾಮಿಯಾನ 'ಒನ್ಸ್ ಮೋರ್' ಎಂದಿತು. ಮೇಷ್ಟ್ರ ಬೆರಳು, ಅವರೇ ಹೇಳಿದ್ದ ಹಾಗೆ, ತಾವಾಗಿ ವಾಪಸ್ ಹೋದವು. ಶಾಂತಕ್ಕ ಎದ್ದರು, ಹಾಡಿದರು, ಬಿದ್ದರು.

"ಅಯ್ಯೋ ಹೊನ್ನಾ..."

"ಒನ್ಸ್ ಮೋರ್!" ಮತ್ತೆ ಅದೇ ದನಿ.

ಮೂರನೆಯ ಸಲ ಏಳುವಾಗ ಬಾಣ ಕಂಕುಳಿಂದ ಜಾರಿ ಹಲಗೆಯ ಮೇಲೆ ಉರುಳಿತು. ಶಾಂತಕ್ಕ ಅದನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿದರು. ಹಾಡಿದರು, ಮೊದಲೆರಡು ಸಲಕ್ಕಿಂತ ಚೆನ್ನಾಗಿ. ಹಾಡು ಮುಗಿಯಿತು. ಬೀಳುವ ಜಾಗವನ್ನು ಒಮ್ಮೆ ನೋಡಿದರು. ಕತ್ತಿಯನ್ನು ನೆಲಕ್ಕೆ ಊರಿ, ಅದರ ಮೇಲೆ ಎರಡೂ ಕೈಯಿಟ್ಟು, ಸೊಂಟದ ಮೇಲೆ ಭಾರ ಹಾಕಿ, ಒಂದು ಕಾಲು ಸಡಿಲ ಬಿಟ್ಟು ನಿಂತರು.

ನಿಂತೇ ಇದ್ದರು.

"ಬೀಳಿ ಶಾಂತಕ್ಕ," ಎಂದು ಪಿಸುಗುಟ್ಟಿದೆ.

ಅವರು ತುಟಿ ಅಲ್ಲಾಡಿಸದೆ, "ಬೀಳಕಿಲ್ಲ ಕಣೆ. ಮಂಡಿ ನೋಯ್ತದೆ. ಮುಂದ್ಕೇನು ಹೇಳು," ಎಂದರು.

ಮುಂದಕ್ಕೆ ಏನೂ ಇರಲಿಲ್ಲ. ನನ್ನ ಬೆರಳು 'ಹೊನ್ನಾಜಿ ಬೀಳುತ್ತಾಳೆ' ಎಂಬ ಸಾಲಿನ ಮೇಲಿತ್ತು. ಅದರ ಕೆಳಗೆ ರಾಣಿಯ ಅಳು, ಅದರ ಕೆಳಗೆ ಬಿಳಿ ಕಾಗದ. ಮೇಷ್ಟ್ರು ಒಂದೇ ಸ್ವರ ಒತ್ತಿಕೊಂಡು ನನ್ನ ಕಡೆ ನೋಡಿದರು. ತಾತ ಖಾಲಿ ತೊಡೆಯ ಮೇಲೆ ಕೈ ಚಾಚಿಕೊಂಡು ನನ್ನ ಕಡೆ ನೋಡಿದರು.

ಇನ್ನೊಮ್ಮೆ 'ಬೀಳಿ' ಎಂದಿದ್ದರೆ ಶಾಂತಕ್ಕ ಬಿದ್ದೇ ಬಿಡುತ್ತಿದ್ದರು, ಹಿಂದಿನ ದಿನ ಒಪ್ಪಿಕೊಂಡಿದ್ದರು. ಬಾಯಿಯವರೆಗೂ ಬಂದಿತ್ತು. ಆಗಲೇ ನನಗೆ ಹೊಳೆದದ್ದು, ನಾನು ಹೊನ್ನಾಜಿಯನ್ನು ಕೊಂದದ್ದು ಯಾಕೆ ಎಂದು. ಜನರ ಮನಸ್ಸಿಗೆ ತಾಕಲಿ ಎಂದಲ್ಲ. ಅವಳು ಬದುಕಿದರೆ ಮರುದಿನ ಬೆಳಗ್ಗೆ ಏನು ಮಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಯುದ್ಧಕ್ಕೆ ಹೋದ ಗಂಡಸರು ವಾಪಸ್ ಬರುತ್ತಾರೆ. ಕತ್ತಿ ಹಿಡಿದು ಬಾಗಿಲಲ್ಲಿ ನಿಂತವಳನ್ನು ನೋಡುತ್ತಾರೆ. ಆಮೇಲೆ? ನಾನು ಓದಿದ ಯಾವ ಕತೆಯಲ್ಲೂ ಆ ಬೆಳಗು ಇರಲಿಲ್ಲ. ಅವಳನ್ನು ಸಾಯಿಸಿದರೆ ಯಾರೂ ಅದನ್ನು ಕೇಳುವುದಿಲ್ಲ.

"ತಾತ," ಎಂದೆ. ಪಿಸುಮಾತಲ್ಲ, ಮುಂದಿನ ಸಾಲಿಗೂ ಕೇಳಿಸಿತಂತೆ. "ಗಂಡಸರು ವಾಪಸ್ ಬಂದಿದ್ದಾರೆ. ಬಾಗಿಲು ತೆಗೆಯೋಣವೇ, ಅಂತ ಕೇಳಿ."

ತಾತ ಒಂದು ಕ್ಷಣವೂ ತಡವರಿಸಲಿಲ್ಲ. ಸೆರಗಿನ ತುದಿಯಿಂದ ಕಣ್ಣೀರು ಒರೆಸಿಕೊಂಡರು. ಎದ್ದರು. ಬಾಗಿಲ ಕಡೆ ನೋಡಿದರು, ಮಿಲ್ಲಿನಲ್ಲಿ ಮೊದಲ ದಿನ ನೋಡಿದ ಹಾಗೆ. ಆದರೆ ಈ ಸಲ ಯಾರೋ ಬಂದಿದ್ದರು.

"ಹೊನ್ನಾಜಿ, ನಮ್ಮವರು ಯುದ್ಧ ಮುಗಿಸಿ ಮರಳಿದ್ದಾರೆ. ಕೋಟೆಯನ್ನು ಉಳಿಸಿದವಳು ನೀನು. ಬಾಗಿಲು ತೆಗೆಯೋಣವೇ?"

ಶಾಂತಕ್ಕ ಯೋಚಿಸಿದರು. ಹಾಲಿನ ಪಾತ್ರೆ ತೊಳೆದಿದೆಯೋ ಇಲ್ಲವೋ ಎಂದು ಯೋಚಿಸುವಾಗಿನ ಮುಖ.

"ಹಂಗೆಲ್ಲ ತೆಗೆಯಕ್ಕಾಗಲ್ಲ ತಾಯಿ. ಬಂದೋರು ಯಾರು ಅಂತ ಕೇಳ್ಬೇಕು."

ರಂಗದ ಅಂಚಿಗೆ ಬಂದರು. ಕತ್ತಿಯ ತುದಿ ಮುಂದಿನ ಸಾಲಿನಲ್ಲಿ ಇನ್ನೂ ನಿಂತೇ ಇದ್ದ ಮನುಷ್ಯನ ಕಡೆ ತಿರುಗಿತು.

"ನಿಲ್ಲಿ! ಹೆಸರು?"

ಸಿದ್ದಬಸಪ್ಪನವರು ಅತ್ತ ಇತ್ತ ನೋಡಿದರು. ನಾಲ್ಕುನೂರು ಜನ ಅವರನ್ನೇ ನೋಡುತ್ತಿದ್ದರು. ಬಿದ್ದ ಟವಲು ಎತ್ತಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ನಿಂತರು.

"ಸಿದ್ದಬಸಪ್ಪ."

"ಕೆಲಸ?"

ತೋಟ ಎನ್ನುತ್ತಾರೆ ಎಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು, "ಮುದ್ದೆ, ಹುರುಳಿಕಾಳು ಸಾರು. ಎಲ್ಲಾರ್ಗೂ ಆಗೋವಷ್ಟು ಮಾಡಿ ಸ್ಕೂಲ್ ವರಾಂಡದಲ್ಲಿ ಇಟ್ಟಿವ್ನಿ," ಎಂದರು.

ಶಾಮಿಯಾನದಲ್ಲಿ ನಗು ಶುರುವಾಯಿತು. ಶಾಂತಕ್ಕ ನಗಲಿಲ್ಲ.

"ಮುದ್ದೇಲಿ ಗಂಟು?"

"ಒಂದೆರಡು ಇರ್ಬೋದು."

ಶಾಂತಕ್ಕ ರಾಣಿಯ ಕಡೆ ನೋಡಿದರು. ರಾಣಿ ಗಂಭೀರವಾಗಿ ತಲೆಯಾಡಿಸಿದಳು. ಕತ್ತಿ ಕೆಳಗಿಳಿಯಿತು.

"ಕಾಲು ತೊಳ್ಕೊಂಡು ಬನ್ನಿ."

ಆ ಚಪ್ಪಾಳೆಯನ್ನು ಡೈರಿಯಲ್ಲಿ ಬರೆಯಲು ಮೂರು ಸಲ ಪ್ರಯತ್ನಿಸಿ ಬಿಟ್ಟಿದ್ದೇನೆ. ಪರದೆ ಎಳೆಯುವವನು ನಾಟಕ ಮುಗಿಯಿತೋ ಇಲ್ಲವೋ ತಿಳಿಯದೆ ಹಗ್ಗ ಹಿಡಿದು ನಿಂತುಬಿಟ್ಟಿದ್ದ. ನಾನೇ ಸ್ಟೂಲಿನಿಂದ ಎದ್ದು, ಎಲ್ಲರಿಗೂ ಕಾಣುವ ಹಾಗೆ ವಿಂಗಿನಿಂದ ಆಚೆ ಬಂದು, ಹಗ್ಗ ಎಳೆದೆ. ಆಚೆ ಬಂದಿದ್ದೇನೆ ಎಂದು ಗೊತ್ತಾದದ್ದು ಪರದೆ ಬಿದ್ದ ಮೇಲೆ. ಆಗ ನಾಚಿಕೆಪಟ್ಟೆ.

ವರಾಂಡದಲ್ಲಿ ಊಟ. ವೇಷ ತೆಗೆಯಲು ಪುರುಸೊತ್ತಿಲ್ಲದೆ ಸೈನಿಕರೆಲ್ಲ ಸಾಲಾಗಿ ಕೂತಿದ್ದರು, ಬಡಿಸುತ್ತಿದ್ದವರು ಗಂಡಸರು. ತಾತ ರಾಣಿಯ ಸೀರೆಯಲ್ಲೇ ಮುದ್ದೆ ಮುರಿಯುತ್ತಿದ್ದರು. ಸಿದ್ದಬಸಪ್ಪನವರು ನನ್ನ ಎಲೆಯ ಮುಂದೆ ಬಂದಾಗ ಧೈರ್ಯ ಮಾಡಿ ಕೇಳಿದೆ.

"ಸಿದ್ದಬಸಪ್ಪ ಮಾವ, ಹಾಡು ಅಷ್ಟು ಚೆನ್ನಾಗಿತ್ತಾ? ಎರಡು ಸಲ ಕೂಗಿದ್ರಲ್ಲ."

ಅವರು ಸಾರಿನ ಸೌಟನ್ನು ಪಾತ್ರೆಗೆ ಇಳಿಬಿಟ್ಟರು.

"ಹಾಡು ಕೇಳ್ದೋರು ಯಾರವ್ವ? ಬಿದ್ದಿದ್ಳು. ಎಬ್ಬಿಸ್ಬೇಕಾಗಿತ್ತು. ನಾಟಕದಾಗೆ ಸತ್ತೋರ್ನ ಎಬ್ಬಿಸಕ್ಕೆ ಇನ್ನೇನೈತೆ, ಹೇಳು? ನಾನು ಸಂಜೆ ಗಂಟ ಕೂಗಕ್ಕೆ ರೆಡಿಯಾಗೇ ಬಂದಿದ್ದೆ."

ಪಕ್ಕದ ಎಲೆಯಲ್ಲಿ ಶಾಂತಕ್ಕ ಮುದ್ದೆ ಅದ್ದುತ್ತ, "ಉಪ್ಪು ಸ್ವಲ್ಪ ಕಮ್ಮಿ ಐತೆ," ಎಂದರು. ಆಮೇಲೆ ಇನ್ನೊಂದು ಸಲ ಸಾರು ಹಾಕಿಸಿಕೊಂಡರು.

ಬಸ್ತಿಹಳ್ಳಿಯ ಶೀಲಾವತಿಯವರು ಹೊರಡುವ ಮುಂಚೆ ನನ್ನ ಹತ್ತಿರ ಬಂದರು. "ನಮ್ಮೂರಲ್ಲೂ ಒಂದು ಸಲ ಆಡಿ. ಆದ್ರೆ ನಮ್ಮ ಜೈನರ ಮನೆಗಳಲ್ಲಿ ಸೂರ್ಯ ಮುಳುಗೋದ್ರೊಳಗೆ ಊಟ ಆಗ್ಬೇಕು. ಹೊನ್ನಾಜಿ ಎಷ್ಟು ಸಲ ಸಾಯ್ತಾರೆ ಅಂತ ಮೊದ್ಲೇ ಹೇಳಿಬಿಟ್ರೆ ನಮಗೆ ಅನುಕೂಲ."

"ಒಂದು ಸಲಾನೂ ಇಲ್ಲ," ಎಂದೆ. ನಂಜುಂಡಯ್ಯ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದವರು ತಲೆಯೆತ್ತಿ, "ಮತ್ತೆ ಆ ಹಾಡು?" ಎಂದರು. ಹಾಡು ಇರಲಿ, ಬೀಳುವುದು ಬೇಡ ಎಂದೆ. ಮೊದಲ ಪುಟ ತೆಗೆದು, ಕೆಂಪು ಶಾಯಿಯ 'ಒನ್ಸ್ ಮೋರ್ ಇಲ್ಲ' ಎಂಬುದನ್ನು ಹೊಡೆದುಹಾಕಿದೆ.

ಮರುದಿನ ಡ್ರೆಸ್ಸು ವಾಪಸ್ ಮಾಡಲು ಅರಸೀಕೆರೆಗೆ ಹೋದವಳು ನಾನೇ. ಅಂಗಡಿಯವರು ಮೀಸೆಗಳನ್ನು ಎಣಿಸಿ, "ಹನ್ನೊಂದೇ ಇದಾವಲ್ಲಮ್ಮ?" ಎಂದರು. ಇನ್ನೊಂದು ಶಾಂತಕ್ಕನ ಮನೆಯ ಕನ್ನಡಿಗೆ ಅಂಟಿಕೊಂಡಿದೆ ಎಂದು ಗೊತ್ತಿತ್ತು. ಮುಂದಿನ ಸಲ ತಂದುಕೊಡುತ್ತೇನೆ ಎಂದು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಹೊನ್ನಾಜಿಯ ಮರುದಿನದ ಬೆಳಗನ್ನೇ ಯೋಚಿಸುತ್ತಿದ್ದೆ. ಎದ್ದು ಏನು ಮಾಡುತ್ತಾಳೆ? ಬಾಗಿಲು ಯಾರು ಕಾಯುತ್ತಾರೆ? ರಾಣಿಗೆ ಕತ್ತಿ ಕಲಿಯುವ ಆಸೆ ಇದ್ದಿರಬಹುದೇ? ತಾತನನ್ನು ಕೇಳಬೇಕು. ಊರು ಬಂತು ಎನ್ನಿಸಿದಾಗ ಯೋಚನೆಯ ಗುಂಗಿನಲ್ಲೇ ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವ ಹಾಗೆ, "ಇಳಿಯೋದಿದೆ!" ಎಂದೆ.

ಬಸ್ಸು ನಿಂತಿತು. ಇಳಿದು ನೋಡಿದರೆ ನಮ್ಮದಕ್ಕಿಂತ ಒಂದು ಸ್ಟಾಪ್ ಹಿಂದೆ. ಮತ್ತೆ ಹತ್ತಲು ನಾಚಿಕೆಯಾಗಿ, ಉಳಿದದ್ದನ್ನು ನಡೆದುಕೊಂಡು ಬಂದೆ.